ಹುಣ್ಣಿಮೆಯೊಳಗೆ ಮುಗಿಯಬೇಕಾದ ಚಿತ್ತಾರ

ಆಶ್ವೀಜದ ಮಧ್ಯಾಹ್ನ. ಸಾಗರ, ಸೊರಬದ ಕಡೆಯ ದೀವರ ಕೇರಿಗಳಲ್ಲಿ ಮಳೆ ಹಿಂದೆಗೆದಿದೆ. ಗುಡುಗು ಮಾತ್ರ ಇನ್ನೂ ಸುಮ್ಮನಾಗಿಲ್ಲ. ಗದ್ದೆಯಲ್ಲಿ ಭತ್ತ ಹೊಡೆ ತುಂಬಿ ನಿಂತಿದೆ. ತೋಟದಲ್ಲಿ ಮೊದಲ ಕೊಯ್ಲಿನ ಅಡಿಕೆಗೊನೆ ಇಳಿಯುತ್ತಿದೆ. ಇಳಿದದ್ದನ್ನು ಬೇಗ ಸುಲಿಯಬೇಕು, ಸುಲಿದದ್ದನ್ನು ಬೇಯಿಸಬೇಕು, ಬೆಂದದ್ದಕ್ಕೆ ಬಿಸಿಲು ಸಿಗಬೇಕು. ಕೈಗೆ ಬಿಡುವೇ ಇಲ್ಲದ ಈ ಹೊತ್ತಿನಲ್ಲೇ ಜಗಲಿಯ ಮೂಲೆಯಲ್ಲಿ ಬಿದಿರಿನ ಎರಡು ಬುಟ್ಟಿಗಳು, ದೊಡ್ಡದೊಂದು ಚಿಕ್ಕದೊಂದು, ಸಗಣಿ ಸಾರಿಸಿ ಕೆಮ್ಮಣ್ಣು ಬಳಿಸಿಕೊಂಡು ಒಣಗುತ್ತಿವೆ.

ಇವು ಶೀಗೆ ಹುಣ್ಣಿಮೆಯಂದು ಗದ್ದೆಗೆ ಊಟ ಒಯ್ಯುವ ಭೂಮಣ್ಣಿ ಬುಟ್ಟಿಗಳು. ವಿಜಯದಶಮಿಗೂ ಶೀಗೆ ಹುಣ್ಣಿಮೆಗೂ ನಡುವೆ ಇರುವುದು 5 ದಿನ. ಅಷ್ಟರೊಳಗೆ ಅವುಗಳ ಮೈತುಂಬ ಚಿತ್ತಾರ ಮೂಡಬೇಕು.

ಅಡಿಕೆ ಸುಲಿಯುವ ಮೆಟ್ಟುಗತ್ತಿಯಿಂದ ಎದ್ದು ಬಂದ ಹೆಂಗಸು ಕೈ ತೊಳೆದು ಕೂರುತ್ತಾಳೆ. ಅಡಿಕೆಯ ಚೊಗರು ಉಗುರಿನ ಸಂದಿಯಲ್ಲಿ ಹಾಗೇ ಇದೆ. ನೆನೆಸಿದ ಅಕ್ಕಿ ಅರೆದ ಬಿಳಿ, ಅಕ್ಕಿಯನ್ನೇ ಕಪ್ಪಾಗುವಂತೆ ಹುರಿದು ತೆಗೆದ ಕರಿ, ಗುರಿಗೆ ಕಾಯಿಯ ಹಳದಿ: ಬಣ್ಣಗಳೆಲ್ಲ ಗದ್ದೆಯಿಂದ, ಕಾಡಿನಿಂದ ಬಂದವು. ಪುಂಡಿ ನಾರಿನ ಕುಂಚ ಬಿಳಿಯಲ್ಲಿ ಅದ್ದಿಕೊಂಡು ಮೇಲೇಳುತ್ತದೆ. ಮೊದಲು ಎಳೆ. ಎಳೆಯ ಮೇಲೆ ಎಳೆ ಸೇರಿ ಪಪ್ಪಳಿ, ಜೋಗಿ ಜಡೆ ಎಂಬ ವಿನ್ಯಾಸಗಳು. ನಡುನಡುವೆ ಭತ್ತದ ಸಸಿ, ಏಣಿ, ಎತ್ತಿನ ಗಾಡಿ. ಅಳತೆಗೋಲಿಲ್ಲ, ಅಳಿಸಿ ತಿದ್ದುವಂತಿಲ್ಲ. ಉಸಿರು ಹಿಡಿದು ಎಳೆದ ಗೆರೆ ಬುಟ್ಟಿಯ ಉಬ್ಬುತಗ್ಗುಗಳ ಮೇಲೆ ಬಳುಕದೆ ಸಾಗುತ್ತದೆ.

"ಅತ್ತೆ, ಅಡಿಕೆ ಹಂಡೆ ಉಕ್ಕೋಕೆ ಬಂತು!" ಒಳಗಿನಿಂದ ಸೊಸೆಯ ಕೂಗು. ಕುಂಚ ನಿಲ್ಲುತ್ತದೆ. ಒಲೆಯ ಬೆಂಕಿ ತಗ್ಗಿಸಿ ಬಂದು, ಬಿಟ್ಟಲ್ಲಿಂದಲೇ ಗೆರೆ ಮುಂದುವರಿಯುತ್ತದೆ.

ಹುಣ್ಣಿಮೆಯ ಹಿಂದಿನ ರಾತ್ರಿ ಮನೆಯವರಿಗೆ ನಿದ್ದೆಯಿಲ್ಲ. ಬಸುರಿ ಭೂಮಿಯ ಬಯಕೆಯೂಟಕ್ಕೆ ಕಡುಬು ಬೇಯಬೇಕು, ಬಗೆಬಗೆಯ ಸೊಪ್ಪುಗಳ ಹಚ್ಚಂಬಲಿ ಆಗಬೇಕು. ಬೆಳಕು ಹರಿಯುವ ಮೊದಲೇ ಚಿತ್ತಾರದ ಬುಟ್ಟಿಗಳು ತಲೆಯೇರಿ ಗದ್ದೆಯ ಹಾದಿ ಹಿಡಿಯುತ್ತವೆ. ಹಚ್ಚಂಬಲಿಯನ್ನು ಪೈರಿನ ಮೇಲೆ ಬೀರುತ್ತಾರೆ. ಭತ್ತದ ಬುಡಕ್ಕೆ ಪೂಜೆ. ಒಂದು ಪಾಲು ಮಣ್ಣಿಗೆ, ಒಂದು ಪಾಲು ಕಾಗೆಗೆ. ತೋಟವಿದ್ದವರು ಅಡಿಕೆ ಮರಕ್ಕೂ ಕೈ ಮುಗಿಯುತ್ತಾರೆ. ಆಮೇಲೆ ಬದುವಿನ ಮೇಲೆ ಎಲ್ಲರ ಊಟ.

ಬೆಳೆಗೂ ಕಲೆಗೂ ಹೊತ್ತನ್ನು ಹಂಚುವುದು ಹೇಗೆಂಬ ಪ್ರಶ್ನೆ ಬೇಸಾಯದ ಮನೆಯ ಕಲಾವಿದರನ್ನು ಕಾಡುತ್ತದೆ. ಈ ಜಗಲಿಯಲ್ಲಿ ಅದಕ್ಕೊಂದು ಉತ್ತರವಿದೆ. ಇಲ್ಲಿ ಚಿತ್ತಾರಕ್ಕೆ ಗಡುವು ಕೊಟ್ಟದ್ದೇ ಪೈರು. ಭತ್ತ ಹೊಡೆ ತುಂಬಿರುವಾಗಲೇ ಬುಟ್ಟಿ ಸಿದ್ಧವಾಗಬೇಕು. ಹಾಗಾಗಿ ಬರೆಯುವುದೂ ಬೇಸಾಯದ ಒಂದು ಕೆಲಸವೇ. ಅವಳು ಕುಂಚ ಹಿಡಿದಾಗ ಹಂಡೆಯನ್ನು ಸೊಸೆ ನೋಡಿಕೊಳ್ಳುತ್ತಾಳೆ. ಸೊಸೆ ಎಳೆ ಕಲಿಯಲು ಕೂತಾಗ ಅತ್ತೆ ಮೆಟ್ಟುಗತ್ತಿಗೆ ಹೋಗುತ್ತಾಳೆ. ಒಬ್ಬಳಿಂದ ಆಗದ್ದು ಮನೆಯಿಂದ ಆಗುತ್ತದೆ.

ಈಗ ದೀವರ ಈ ಕಲೆ, ಹಸೆ ಚಿತ್ತಾರ, ಚೌಕಟ್ಟು ಸೇರಿ ಪೇಟೆಯ ಗೋಡೆಗಳಿಗೂ ಬಂದಿದೆ. ಬರೆಯುವ ಕೈಗೆ ದುಡ್ಡೂ ಹೆಸರೂ ಸಿಗುವುದು ನ್ಯಾಯವೇ, ಇನ್ನಷ್ಟು ಸಿಗಬೇಕು. ಕೊಳ್ಳುವವರಲ್ಲಿ ಒಂದೇ ಕೋರಿಕೆ: ಆಶ್ವೀಜದಲ್ಲಿ ಅವಳನ್ನು ಅವಸರಪಡಿಸಬೇಡಿ. ಪೇಟೆಯ ಗಡುವಿಗಾಗಿ ಅವಳು ಗದ್ದೆಯನ್ನು ಬಿಟ್ಟರೆ ಗೋಡೆಯ ಚಿತ್ತಾರ ಉಳಿದೀತು, ಭೂಮಣ್ಣಿ ಬುಟ್ಟಿ ಉಳಿಯದು.