ಗೃಹಹಿಂಸೆಯ ನಿವಾರಣೆಯಲ್ಲಿ ಸಂಸ್ಥೆಗಳ ಸಹಕಾರ: ಮುಂಬಯಿಯ ಅನುಭವ

ಮನೆಯವರಿಂದಲೇ ಪೆಟ್ಟು ತಿಂದ ಹೆಂಗಸು ಮುಂಬಯಿಯಂತಹ ನಗರದಲ್ಲಿ ಎಷ್ಟು ಬಾಗಿಲುಗಳನ್ನು ತಟ್ಟಬೇಕಾಗುತ್ತದೆ ಎಂಬುದನ್ನು ಮೊದಲು ಎಣಿಸಿ ನೋಡುವುದು ಯುಕ್ತ. ಗಾಯಕ್ಕೆ ಔಷಧ ಮುನಿಸಿಪಲ್ ಆಸ್ಪತ್ರೆಯಲ್ಲಿ. ದೂರು ಪೋಲೀಸು ಠಾಣೆಯಲ್ಲಿ. ರಕ್ಷಣೆಯ ಆಜ್ಞೆ ಮ್ಯಾಜಿಸ್ಟ್ರೇಟರಲ್ಲಿ. ರಾತ್ರಿ ತಲೆಯಿಡಲು ಎಡೆ ಆಶ್ರಯಗೃಹದಲ್ಲಿ. ಆಸ್ಪತ್ರೆ ಮಹಾನಗರಪಾಲಿಕೆಯದು, ಠಾಣೆ ಗೃಹಖಾತೆಯದು, ಸಂರಕ್ಷಣಾಧಿಕಾರಿ ಮಹಿಳಾ ಮತ್ತು ಬಾಲವಿಕಾಸ ಖಾತೆಯವರು. ಒಂದೊಂದು ಬಾಗಿಲಲ್ಲಿಯೂ ಆಕೆ ತನ್ನ ಕಥೆಯನ್ನು ಮೊದಲಿನಿಂದ ಹೇಳಬೇಕು. ಮೂರನೆಯ ಸಲ ಹೇಳುವಷ್ಟರಲ್ಲಿ ದಣಿದು ಮನೆಗೆ ಮರಳಿದರೆ, ಅಲ್ಲಿ ಕಾದಿರುವುದು ಅದೇ ಕೈ.

ಈ ಬಾಗಿಲುಗಳನ್ನು ಹತ್ತಿರ ತರುವ ಯತ್ನ ಮುಂಬಯಿಗೆ ಹೊಸದಲ್ಲ. ಪತ್ನಿಯ ಮೇಲಣ ಕ್ರೌರ್ಯವನ್ನು ಅಪರಾಧವೆಂದು ಸಾರಿದ ದಂಡಸಂಹಿತೆಯ 498-ಎ ಕಲಮು ಬಂದದ್ದು 1983ರಲ್ಲಿ. (2024ರ ಜುಲೈ 1ರಿಂದ ಅದರ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೆಯ ಕಲಮುಗಳಿವೆ.) ಮರುವರ್ಷವೇ, 1984ರಲ್ಲಿ, ಟಾಟಾ ಸಮಾಜ ವಿಜ್ಞಾನ ಸಂಸ್ಥೆಯು ಕ್ರಾಫರ್ಡ್ ಮಾರ್ಕೆಟ್ಟಿನ ಬಳಿಯ ಪೋಲೀಸ್ ಕಮಿಷನರರ ಕಚೇರಿಯಲ್ಲಿ ಮಹಿಳೆಯರಿಗೂ ಮಕ್ಕಳಿಗೂ ವಿಶೇಷ ಘಟಕವೊಂದನ್ನು ತೆರೆಯಿತು. ಅಲ್ಲಿ ಕುಳಿತವರು ಪೋಲೀಸರಲ್ಲ, ತರಬೇತಿ ಪಡೆದ ಸಮಾಜಕಾರ್ಯಕರ್ತರು. ಖಾಕಿಯನ್ನು ಕಂಡು ಬಾಯಿ ಕಟ್ಟುವ ಹೆಂಗಸು ಅವರೊಡನೆ ಮಾತನಾಡಬಲ್ಲಳು; ಕಾರ್ಯಕರ್ತೆಯ ಓಲೆಗೆ ಜಗ್ಗದ ಗಂಡ ಪೋಲೀಸು ಕಚೇರಿಯ ಕರೆಗೆ ಬರುವನು. ಗಂಡನ ಮನೆಯಲ್ಲಿ ಉಳಿದ ಸ್ತ್ರೀಧನವನ್ನು ಬಿಡಿಸಿ ತರುವಂತಹ ಕೆಲಸಕ್ಕೆ ಈ ಜೋಡಣೆ ಎಷ್ಟು ತಕ್ಕುದೆಂಬುದು ಬೇಗನೆ ತಿಳಿಯಿತು.

ಇದಕ್ಕಿಂತಲೂ ಹೆಚ್ಚು ವಿಚಾರಕ್ಕೆ ಯೋಗ್ಯವಾದುದು ‘ದಿಲಾಸಾ’. ಸೇಹತ್ ಎಂಬ ಸಂಶೋಧನ ಸಂಸ್ಥೆಯೂ ಮಹಾನಗರಪಾಲಿಕೆಯೂ ಒಡಗೂಡಿ ಈ ಶತಮಾನದ ಆರಂಭದಲ್ಲಿ ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ ಇದನ್ನು ಸ್ಥಾಪಿಸಿದವು. ಯಾರ ಅಪ್ಪಣೆಯನ್ನೂ ಬೇಡದೆ, ಯಾರಿಗೂ ಕಾರಣ ಹೇಳದೆ ಹೆಣ್ಣು ಹೋಗಬಹುದಾದ ಸ್ಥಳ ಆಸ್ಪತ್ರೆಯೊಂದೇ ಎಂಬುದು ಇದರ ಮೂಲಚಿಂತನೆ. ಠಾಣೆಯ ಮೆಟ್ಟಿಲನ್ನು ಎಂದೂ ಹತ್ತದವಳು ಮಗುವಿನ ಜ್ವರಕ್ಕೆಂದು ಹೊರರೋಗಿ ವಿಭಾಗಕ್ಕೆ ಬಂದೇ ಬರುವಳು. “ಮೆಟ್ಟಿಲಿನಿಂದ ಜಾರಿ ಬಿದ್ದೆ” ಎಂದವಳ ಕತ್ತಿನ ಮೇಲೆ ಬೆರಳಿನ ಗುರುತು ಕಂಡರೆ ಏನು ಕೇಳಬೇಕು, ಹೇಗೆ ಕೇಳಬೇಕು ಎಂಬುದನ್ನು ದಾದಿಯರಿಗೂ ವೈದ್ಯರಿಗೂ ಕಲಿಸಲಾಯಿತು. ಆಕೆ ಒಪ್ಪಿದರೆ ಅದೇ ಕಟ್ಟಡದಲ್ಲಿರುವ ಆಪ್ತಸಲಹೆಗಾರ್ತಿಯ ಕೋಣೆಗೆ ಕಳುಹಿಸುವುದು ಪದ್ಧತಿ. ಅಂದು ವೈದ್ಯರು ಬರೆದಿಟ್ಟ ನಾಲ್ಕು ಸಾಲು ವರ್ಷಗಳ ಮೇಲೆ ನ್ಯಾಯಾಲಯದಲ್ಲಿ ಸಾಕ್ಷ್ಯವಾಗಬಲ್ಲುದು. ಕಾಲಕ್ರಮದಲ್ಲಿ ನಗರದ ಇತರ ಮುನಿಸಿಪಲ್ ಆಸ್ಪತ್ರೆಗಳಲ್ಲಿಯೂ ಇಂತಹ ಕೇಂದ್ರಗಳಾದವು.

2006ರ ಅಕ್ಟೋಬರ್ 26ರಂದು ಜಾರಿಗೆ ಬಂದ ಗೃಹಹಿಂಸಾ ಕಾಯಿದೆಯು ಚೆದುರಿದ ಈ ಕೆಲಸಗಳನ್ನು ಒಂದು ಸೂತ್ರದಲ್ಲಿ ಪೋಣಿಸಲು ಯತ್ನಿಸಿತು. ಸಂರಕ್ಷಣಾಧಿಕಾರಿ ಆ ಸೂತ್ರ. ಹಿಂಸೆಯ ವರದಿಯನ್ನು ನಿಯತ ನಮೂನೆಯಲ್ಲಿ ಬರೆದು ಮ್ಯಾಜಿಸ್ಟ್ರೇಟರಿಗೆ ಕಳುಹಿಸುವುದು, ಅದರ ಪ್ರತಿಯನ್ನು ಠಾಣೆಗೆ ಮುಟ್ಟಿಸುವುದು, ಚಿಕಿತ್ಸೆಯನ್ನೂ ಆಶ್ರಯವನ್ನೂ ಒದಗಿಸುವುದು ಅವರ ಹೊಣೆ. ಅರ್ಜಿಯ ಮೊದಲ ವಿಚಾರಣೆ ಸಾಮಾನ್ಯವಾಗಿ 3 ದಿನಗಳೊಳಗೆ, ತೀರ್ಮಾನ ಅಲ್ಲಿಂದ 60 ದಿನಗಳೊಳಗೆ ಆಗಬೇಕೆಂಬುದು ಕಾಯಿದೆಯ ಆಶಯ. ಆಚರಣೆ ಬಹುದೂರ ಹಿಂದುಳಿದಿದೆ. ಸಂರಕ್ಷಣಾಧಿಕಾರಿಗಳನ್ನು ನೇಮಿಸಿರೆಂದು ಸರ್ವೋಚ್ಚ ನ್ಯಾಯಾಲಯವು 2025ರ ಮೇ ತಿಂಗಳಲ್ಲಿಯೂ ರಾಜ್ಯಗಳಿಗೆ ಆಜ್ಞಾಪಿಸಬೇಕಾಯಿತೆಂದರೆ ಹೆಚ್ಚು ಹೇಳಬೇಕಾಗಿಲ್ಲ. ಅಧಿಕಾರಿಯ ಕಡೆಗೆ ಬೆರಳು ತೋರಿಸಿ, ಎನ್.ಸಿ. ಬರೆದುಕೊಂಡು ಕೈತೊಳೆದುಕೊಳ್ಳುವ ಠಾಣೆಗಳಿಗೂ ಕಾಯಿದೆಯಲ್ಲಿ ಆಸರೆಯಿಲ್ಲ. ಗುರುತರವಾದ ಅಪರಾಧ ನಡೆದಿದ್ದರೆ ಪೋಲೀಸರ ಕರ್ತವ್ಯ ಹಾಗೆಯೇ ಉಳಿಯುವುದೆಂದು 5ನೆಯ ಕಲಮು ಸ್ಪಷ್ಟಪಡಿಸಿದೆ.

ನಿಜವಾದ ಕೊರತೆ ಬೇರೊಂದಿದೆ. ಇಲಾಖೆಗಳ ನಡುವೆ ಸಮನ್ವಯವಿರಬೇಕೆಂದು 11ನೆಯ ಕಲಮು ಹೇಳುತ್ತದೆ. ಒಬ್ಬ ಹೆಣ್ಣಿನ ಪ್ರಾಣಕ್ಕೆ ಅಪಾಯವಿದ್ದಾಗ ಎಲ್ಲರೂ ಒಂದೇ ಮೇಜಿನ ಸುತ್ತ ಕೂಡಿರೆಂದು ಯಾವ ಕಲಮೂ ಹೇಳುವುದಿಲ್ಲ. ಅಮೆರಿಕೆಯ ಡುಲೂತ್ ಪಟ್ಟಣದಲ್ಲಿ 1981ರಿಂದ ಪೋಲೀಸರೂ ನ್ಯಾಯಾಲಯವೂ ಸ್ತ್ರೀಸಂಘಟನೆಗಳೂ ಒಂದು ಕ್ರಮದಂತೆ ನಡೆದುಕೊಂಡದ್ದುಂಟು. ವೇಲ್ಸಿನ ಕಾರ್ಡಿಫ್ ನಗರದಲ್ಲಿ 2003ರಲ್ಲಿ, ಅತ್ಯಂತ ಅಪಾಯದಲ್ಲಿರುವವರ ಪ್ರಕರಣಗಳನ್ನು ಒಂದೊಂದಾಗಿ ಎತ್ತಿಕೊಂಡು ಎಲ್ಲ ಸಂಸ್ಥೆಗಳೂ ಕೂಡಿ ಚರ್ಚಿಸುವ ಪದ್ಧತಿ ಮೊದಲಾಯಿತು. ದಿಲಾಸಾದ ಕೋಣೆ, ಠಾಣೆ, ಸಂರಕ್ಷಣಾಧಿಕಾರಿಯ ಕಚೇರಿ ಇವುಗಳ ನಡುವೆ ಅಂಥ ಸಭೆ ನಡೆಸಲು ಹೊಸ ಕಾಯಿದೆಯೇನೂ ಬೇಕಿಲ್ಲ.

ಮುಂಬಯಿಯ ಭೂಗೋಳವೂ ತೊಡಕಿನದೇ. ದಹಿಸರದಾಚೆಗೆ, ಮುಲುಂದದಾಚೆಗೆ ಠಾಣೆ ಜಿಲ್ಲೆ. ಡೊಂಬಿವಲಿಯಲ್ಲಿ ವಾಸವಾಗಿ ಕುರ್ಲಾದಲ್ಲಿ ದುಡಿಯುವ ಕನ್ನಡತಿಗೆ ಪೋಲೀಸು, ಪಾಲಿಕೆ, ಸಂರಕ್ಷಣಾಧಿಕಾರಿ ಎಲ್ಲವೂ ಎರಡೆರಡು. ಆದರೆ ಆಕೆ ತಾತ್ಕಾಲಿಕವಾಗಿ ತಂಗಿರುವೆಡೆಯಲ್ಲಿ, ಕೆಲಸ ಮಾಡುವೆಡೆಯಲ್ಲಿಯೂ ಅರ್ಜಿ ಹಾಕಬಹುದೆಂದು 27ನೆಯ ಕಲಮು ಹೇಳುತ್ತದೆ. ಉಡುಪಿಯ ತವರಿಗೆ ಹೋದವಳು ಅಲ್ಲಿಯೇ ಆಜ್ಞೆ ಪಡೆದರೆ ಅದು ಮುಂಬಯಿಯಲ್ಲಿಯೂ ನಡೆಯುವುದು. ಪರವೂರಿನಲ್ಲಿ ಸಂಸಾರ ಹೂಡಿದವರ ಹೆಣ್ಣುಮಕ್ಕಳು ತಿಳಿದಿರಬೇಕಾದ ಮಾತಿದು.

ಭಾಷೆಯ ಪ್ರಶ್ನೆಯಂತೂ ಕನ್ನಡ ಸಂಘಗಳ ಬಾಗಿಲಿಗೇ ಬರುತ್ತದೆ. ಹಕ್ಕುಗಳ ವಿವರಣೆಯನ್ನು ಇಂಗ್ಲಿಷಿನಲ್ಲಾಗಲಿ ಸ್ಥಳೀಯ ದೇಶಭಾಷೆಯಲ್ಲಾಗಲಿ ಕೊಡಬೇಕೆಂದು 2006ರ ನಿಯಮ ವಿಧಿಸಿದೆ. ಇಲ್ಲಿ ಸ್ಥಳೀಯ ಭಾಷೆಯೆಂದರೆ ಮರಾಠಿ. ಹೊಸದಾಗಿ ಮದುವೆಯಾಗಿ ಕಲಬುರಗಿಯಿಂದಲೋ ಕುಂದಾಪುರದಿಂದಲೋ ಬಂದವಳು ತನಗೆ ಅರ್ಥವಾಗದ ಕಾಗದಕ್ಕೆ ಸಹಿ ಹಾಕುವಳು. ಹಲವು ವೇಳೆ ಅದನ್ನು ಆಕೆಗೆ ತಿಳಿಯಹೇಳುವವನು ಗಂಡನ ಅಣ್ಣನೋ ಮಾವನೋ ಆಗಿರುವನು. ಕನ್ನಡ, ತುಳು ಬಲ್ಲ, ಆ ಮನೆತನದ ನಂಟಿಲ್ಲದ, ಕೇಳಿದ್ದನ್ನು ಹೊರಗೆಡಹದ ಹತ್ತು ಮಂದಿ ಮಹಿಳೆಯರ ಹೆಸರನ್ನು ದಿಲಾಸಾ ಕೇಂದ್ರಗಳಿಗೂ ವಿಶೇಷ ಘಟಕಕ್ಕೂ ಬರೆದುಕೊಡುವುದು ಸಂಘಗಳಿಗೆ ಅಸಾಧ್ಯವಾದ ಕಾರ್ಯವಲ್ಲ. ಅವರ ಕೆಲಸ ದುಭಾಷಿಯದು ಮಾತ್ರ. ‘ಹೊಂದಿಕೊಂಡು ಹೋಗಮ್ಮಾ’ ಎಂಬ ಉಪದೇಶ ಆ ಕೆಲಸಕ್ಕೆ ಸೇರಿದುದಲ್ಲ.