ಕೂಟ ಬದಲಾದಾಗ ಪರದೆಯೂ ಬದಲಾಗುತ್ತದೆ: ಕನೆಕ್ಟಿಕಟ್ ಬ್ಯಾಸ್ಕೆಟ್‌ಬಾಲ್ ತಂಡದ ಏಳು ವರ್ಷಗಳು

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ತಂಡವೊಂದು ಎಷ್ಟು ಮನೆಗಳ ಟೆಲಿವಿಷನ್ ಪರದೆಯ ಮೇಲೆ ಕಾಣಿಸಿಕೊಳ್ಳುತ್ತದೆ ಎಂಬುದು ಅದರ ಆಟದ ಗುಣಮಟ್ಟವನ್ನು ಎಷ್ಟು ಅವಲಂಬಿಸಿದೆಯೋ, ಅದು ಯಾವ ಕೂಟದ ಸದಸ್ಯ ಎಂಬುದನ್ನೂ ಅಷ್ಟೇ ಅವಲಂಬಿಸಿದೆ. ಕಾನ್ಫರೆನ್ಸ್ ಎಂದು ಕರೆಯಲಾಗುವ ಈ ಕೂಟವು ಸಾಮಾನ್ಯವಾಗಿ ಹತ್ತು ಹದಿನೈದು ವಿಶ್ವವಿದ್ಯಾಲಯಗಳು ತಮ್ಮೊಳಗೆ ಪಂದ್ಯಗಳನ್ನು ಆಡಿಕೊಳ್ಳಲು ಮಾಡಿಕೊಂಡ ಒಕ್ಕೂಟ. ರಾಷ್ಟ್ರಮಟ್ಟದ ಕಾಲೇಜು ಕ್ರೀಡಾ ಸಂಸ್ಥೆಯಾದ ಎನ್‌ಸಿಎಎಯ ಮೊದಲ ವಿಭಾಗದಲ್ಲಿ 350ಕ್ಕೂ ಹೆಚ್ಚು ಬ್ಯಾಸ್ಕೆಟ್‌ಬಾಲ್ ತಂಡಗಳಿದ್ದು, ಅವೆಲ್ಲವೂ ಒಬ್ಬರ ವಿರುದ್ಧ ಒಬ್ಬರು ಆಡುವುದು ಅಸಾಧ್ಯವಾದ್ದರಿಂದ, ಋತುವಿನ ಸುಮಾರು ಮೂವತ್ತು ಪಂದ್ಯಗಳಲ್ಲಿ ಹದಿನೆಂಟು ಇಪ್ಪತ್ತು ಪಂದ್ಯಗಳನ್ನು ಪ್ರತಿ ತಂಡವೂ ತನ್ನ ಕೂಟದೊಳಗೇ ಆಡುತ್ತದೆ. ಹೀಗಾಗಿ ಕೂಟವನ್ನು ಬದಲಿಸಿದ ತಂಡಕ್ಕೆ ಎದುರಾಳಿಗಳು, ಪ್ರಯಾಣದ ದೂರ, ಪಂದ್ಯದ ಹೊತ್ತು ಇವೆಲ್ಲವೂ ಒಟ್ಟಿಗೇ ಬದಲಾಗುತ್ತವೆ. ಅದರ ಆಟವನ್ನು ತೋರಿಸುವ ವಾಹಿನಿಯೂ ಬದಲಾಗುತ್ತದೆ.

ಇದಕ್ಕೆ ಕಾರಣ ಪ್ರಸಾರ ಹಕ್ಕುಗಳ ಮಾರಾಟದ ಕ್ರಮದಲ್ಲಿದೆ. ಕಾಲೇಜು ಫುಟ್‌ಬಾಲಿನ ಪ್ರಸಾರದ ಮೇಲೆ ಎನ್‌ಸಿಎಎ ಇಟ್ಟುಕೊಂಡಿದ್ದ ಹಿಡಿತವನ್ನು ಅಮೆರಿಕದ ಸುಪ್ರೀಂ ಕೋರ್ಟ್ 1984ರಲ್ಲಿ ಸಡಿಲಿಸಿದ ನಂತರ ಕೂಟಗಳು ಮಾಧ್ಯಮ ಸಂಸ್ಥೆಗಳೊಂದಿಗೆ ನೇರವಾಗಿ ಚೌಕಾಸಿ ಮಾಡುವ ದೊಡ್ಡ ಶಕ್ತಿಗಳಾಗಿ ಬೆಳೆದವು. ಇಂದು ಪ್ರತಿಯೊಂದು ಕೂಟವೂ ತನ್ನ ಎಲ್ಲ ಸದಸ್ಯರ ಪಂದ್ಯಗಳನ್ನು ಒಟ್ಟಾಗಿ ಮಾರುತ್ತದೆ, ಬಂದ ಹಣವನ್ನು ಸದಸ್ಯರಿಗೆ ಹಂಚುತ್ತದೆ. ಸಾಮಾನ್ಯ ನಿಯಮವೆಂದರೆ ಪಂದ್ಯದ ಹಕ್ಕು ಆತಿಥೇಯ ತಂಡದ ಕೂಟಕ್ಕೆ ಸೇರುತ್ತದೆ. ಹಕ್ಕು ಕೊಂಡ ಸಂಸ್ಥೆ ತನಗೆ ಬೇಕಾದ ಪಂದ್ಯಗಳನ್ನು ಆರಿಸಿ, ಅತಿ ಹೆಚ್ಚು ಜನ ನೋಡಬಹುದಾದವನ್ನು ಆಂಟೆನಾದಿಂದಲೇ ಉಚಿತವಾಗಿ ಸಿಗುವ ಜಾಲಕ್ಕೂ, ನಂತರದವನ್ನು ಕೇಬಲ್ ವಾಹಿನಿಗೂ, ಉಳಿದವನ್ನು ಪ್ರತ್ಯೇಕ ಚಂದಾ ಕಟ್ಟಿ ಅಂತರ್ಜಾಲದಲ್ಲಿ ನೋಡಬೇಕಾದ ಸ್ಟ್ರೀಮಿಂಗ್ ಸೇವೆಗೂ ಹಾಕುತ್ತದೆ. ಈ ಮೂರು ಮೆಟ್ಟಿಲುಗಳ ನಡುವಣ ಅಂತರ ದೊಡ್ಡದು. ಉಚಿತ ಜಾಲವನ್ನು ಗುಂಡಿಗಳನ್ನು ಒತ್ತುತ್ತಾ ಹೋಗುವ ಯಾರಾದರೂ ಆಕಸ್ಮಿಕವಾಗಿ ನೋಡಬಹುದು. ಸ್ಟ್ರೀಮಿಂಗ್ ಸೇವೆಯಲ್ಲಿ ಪಂದ್ಯವನ್ನು ಹುಡುಕಿ ಹೋಗುವವರು ಈಗಾಗಲೇ ಆ ತಂಡದ ಅಭಿಮಾನಿಗಳಾಗಿರುವವರು ಮಾತ್ರ.

ಈ ವ್ಯವಸ್ಥೆಯ ಲಾಭ ನಷ್ಟಗಳೆರಡನ್ನೂ ಪೂರ್ತಿಯಾಗಿ ಕಂಡ ತಂಡ ಕನೆಕ್ಟಿಕಟ್ ವಿಶ್ವವಿದ್ಯಾಲಯದ್ದು. ಅಭಿಮಾನಿಗಳು ಅದನ್ನು ಯುಕಾನ್ ಎಂದು ಕರೆಯುತ್ತಾರೆ. ಪ್ರಾವಿಡೆನ್ಸ್ ಕಾಲೇಜಿನ ತರಬೇತುದಾರರಾಗಿದ್ದ ಡೇವ್ ಗ್ಯಾವಿಟ್ ಅವರ ಮುಂದಾಳತ್ವದಲ್ಲಿ 1979ರಲ್ಲಿ ಬಿಗ್ ಈಸ್ಟ್ ಎಂಬ ಕೂಟ ಹುಟ್ಟಿದಾಗ, ನ್ಯೂಯಾರ್ಕ್, ಬಾಸ್ಟನ್, ವಾಷಿಂಗ್ಟನ್‌ಗಳಂಥ ದೊಡ್ಡ ನಗರಗಳ ಕಾಲೇಜುಗಳ ಜೊತೆಗೆ ಸ್ಟಾರ್ಸ್ ಎಂಬ ಸಣ್ಣ ಊರಿನ ಯುಕಾನ್ ಕೂಡ ಸ್ಥಾಪಕ ಸದಸ್ಯವಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಅದೇ ಕನೆಕ್ಟಿಕಟ್ ರಾಜ್ಯದ ಬ್ರಿಸ್ಟಲ್‌ನಲ್ಲಿ, ಇಡೀ ದಿನ ಕ್ರೀಡೆಯನ್ನೇ ತೋರಿಸುವ ಇಎಸ್‌ಪಿಎನ್ ವಾಹಿನಿ ಆರಂಭವಾಯಿತು. ತುಂಬಬೇಕಾದ ಗಂಟೆಗಳು ಹೊಸ ವಾಹಿನಿಯಲ್ಲಿದ್ದವು, ತೋರಿಸಬೇಕಾದ ಆಟ ಹೊಸ ಕೂಟದಲ್ಲಿತ್ತು. ಎರಡೂ ಒಂದನ್ನೊಂದು ಬೆಳೆಸಿದವು. ಸೋಮವಾರ ರಾತ್ರಿಯ ಬಿಗ್ ಈಸ್ಟ್ ಪಂದ್ಯ ದೇಶದಾದ್ಯಂತ ಅಭ್ಯಾಸವಾಯಿತು. 1985ರ ರಾಷ್ಟ್ರೀಯ ಟೂರ್ನಿಯ ಕೊನೆಯ ನಾಲ್ಕು ತಂಡಗಳಲ್ಲಿ ಜಾರ್ಜ್‌ಟೌನ್, ಸೇಂಟ್ ಜಾನ್ಸ್, ವಿಲನೋವಾ ಎಂಬ ಮೂರು ಈ ಕೂಟದವೇ ಆಗಿದ್ದವು. ಆ ಬೆಳಕಿನಲ್ಲಿ ಬೆಳೆದ ಯುಕಾನ್ 1999, 2004 ಮತ್ತು 2011ರಲ್ಲಿ ಪುರುಷರ ರಾಷ್ಟ್ರೀಯ ಪ್ರಶಸ್ತಿಯನ್ನು ಗೆದ್ದಿತು.

ಆದರೆ ಕೂಟದ ಬುಡ ಅಲುಗಾಡಿದ್ದು ಬ್ಯಾಸ್ಕೆಟ್‌ಬಾಲಿನಿಂದಲ್ಲ, ಅಮೆರಿಕನ್ ಫುಟ್‌ಬಾಲಿನಿಂದ. ಕಾಲೇಜು ಕ್ರೀಡೆಯ ಪ್ರಸಾರದ ಹಣದಲ್ಲಿ ಸಿಂಹಪಾಲು ಫುಟ್‌ಬಾಲಿನದು. ಆ ಆಟದಲ್ಲಿ ಬಲವಿದ್ದ ಸದಸ್ಯರನ್ನು ಹೆಚ್ಚು ಹಣ ಕೊಡುವ ಕೂಟಗಳು ಸೆಳೆಯುತ್ತಾ ಹೋದವು. ಇಎಸ್‌ಪಿಎನ್ ಮುಂದಿಟ್ಟ ಹೊಸ ಒಪ್ಪಂದವನ್ನು ಬಿಗ್ ಈಸ್ಟ್ ಸದಸ್ಯರು 2011ರಲ್ಲಿ ಒಪ್ಪಿಕೊಳ್ಳಲಿಲ್ಲ. ಕೆಲವೇ ತಿಂಗಳಲ್ಲಿ ಸಿರಾಕ್ಯೂಸ್ ಮತ್ತು ಪಿಟ್ಸ್‌ಬರ್ಗ್ ಹೊರನಡೆಯುವುದಾಗಿ ಘೋಷಿಸಿದವು. 2013ರಲ್ಲಿ ಫುಟ್‌ಬಾಲಿನ ಭಾರವಿಲ್ಲದ ಏಳು ಕ್ಯಾಥೊಲಿಕ್ ಕಾಲೇಜುಗಳು ಬಿಗ್ ಈಸ್ಟ್ ಎಂಬ ಹೆಸರನ್ನೇ ಹೊತ್ತು ಬೇರೆಯಾದವು. ಫುಟ್‌ಬಾಲ್ ತಂಡವನ್ನು ಬಿಡಲಾಗದ ಯುಕಾನ್ ಹಿಂದೆ ಉಳಿದು, ಅಮೆರಿಕನ್ ಅಥ್ಲೆಟಿಕ್ ಕಾನ್ಫರೆನ್ಸ್ ಎಂಬ ಹೊಸ ಕೂಟದ ಸದಸ್ಯವಾಯಿತು.

ಮೊದಲ ವರ್ಷದಲ್ಲಿ ಯಾವ ನಷ್ಟವೂ ಕಾಣಲಿಲ್ಲ. 2014ರ ಅಂತಿಮ ಪಂದ್ಯದಲ್ಲಿ ಕೆಂಟಕಿಯನ್ನು 60-54ರಿಂದ ಸೋಲಿಸಿ ಯುಕಾನ್ ಪುರುಷರು ಮತ್ತೆ ಚಾಂಪಿಯನ್ ಆದರು. ನಷ್ಟ ನಿಧಾನವಾಗಿ ಬಂದಿತು. ಜಾರ್ಜ್‌ಟೌನ್, ವಿಲನೋವಾಗಳ ಜಾಗಕ್ಕೆ ಓಕ್ಲಹೋಮದ ಟಲ್ಸಾ, ಲೂಸಿಯಾನಾದ ಟುಲೇನ್, ಉತ್ತರ ಕ್ಯಾರೊಲಿನಾದ ಈಸ್ಟ್ ಕ್ಯಾರೊಲಿನಾ ಬಂದವು. ಇವುಗಳ ಆಟ ಕೀಳೆಂದಲ್ಲ; ಆದರೆ ಮೂವತ್ತು ವರ್ಷಗಳ ಪೈಪೋಟಿಯಿಂದ ಹುಟ್ಟಿದ ಕುತೂಹಲ ಅಲ್ಲಿರಲಿಲ್ಲ, ಮತ್ತು ಪಂದ್ಯಗಳನ್ನು ಆರಿಸುವ ವಾಹಿನಿಯ ಅಧಿಕಾರಿ ನೋಡುವುದು ಆ ಕುತೂಹಲವನ್ನೇ. ಏಳು ಋತುಗಳಲ್ಲಿ ಪುರುಷರ ತಂಡ ರಾಷ್ಟ್ರೀಯ ಟೂರ್ನಿಗೆ ಪ್ರವೇಶ ಪಡೆದದ್ದು ಎರಡೇ ಬಾರಿ; 2017ರಿಂದ 2019ರವರೆಗೆ ಸತತ ಮೂರು ಋತುಗಳಲ್ಲಿ ಗೆಲುವಿಗಿಂತ ಸೋಲೇ ಹೆಚ್ಚಾಯಿತು. ಇದನ್ನೆಲ್ಲ ಪ್ರಸಾರದ ತಲೆಗೆ ಕಟ್ಟುವುದು ಸರಿಯಲ್ಲ, ಏಕೆಂದರೆ ತರಬೇತಿಯ ಬಿಕ್ಕಟ್ಟೂ ಅದೇ ಕಾಲದಲ್ಲಿತ್ತು. ಆದರೂ ನ್ಯೂಯಾರ್ಕ್, ನ್ಯೂಜೆರ್ಸಿಗಳ ಶಾಲಾ ಆಟಗಾರನನ್ನು ತಂಡಕ್ಕೆ ಸೇರಿಸಿಕೊಳ್ಳುವಾಗ, ಅವನ ಮನೆಯವರು ವಾರವಾರವೂ ಅವನ ಆಟವನ್ನು ನೋಡಬಹುದೇ ಎಂಬ ಪ್ರಶ್ನೆಗೆ ಉತ್ತರಿಸುವುದು ತರಬೇತುದಾರರಿಗೆ ಮೊದಲಿಗಿಂತ ಕಷ್ಟವಾಯಿತು ಎನ್ನುವುದರಲ್ಲಿ ಸಂದೇಹವಿಲ್ಲ.

ಮಹಿಳಾ ತಂಡದ ಕಥೆ ಇದಕ್ಕಿಂತ ಹೆಚ್ಚು ಗಮನಾರ್ಹ. ಜೀನೊ ಆರಿಯೆಮ್ಮ ಅವರ ತರಬೇತಿಯಲ್ಲಿ ಬೆಳೆದ ಈ ತಂಡವನ್ನು ಕನೆಕ್ಟಿಕಟ್ಟಿನ ಜನ 1990ರ ದಶಕದಿಂದ ರಾಜ್ಯದ ಸಾರ್ವಜನಿಕ ಟೆಲಿವಿಷನ್ನಿನಲ್ಲಿ ನೋಡುತ್ತಾ ಬಂದಿದ್ದರು. 2012ರಲ್ಲಿ ಆ ಹಕ್ಕು ಎಸ್‌ಎನ್‌ವೈ ಎಂಬ ಪ್ರಾದೇಶಿಕ ಕೇಬಲ್ ವಾಹಿನಿಗೆ ಹೋಯಿತು. ಹೊಸ ಕೂಟದ ಏಳು ವರ್ಷಗಳಲ್ಲಿ ಕೂಟದ ತಂಡಗಳ ವಿರುದ್ಧ ಈ ತಂಡ ಆಡಿದ 139 ಪಂದ್ಯಗಳಲ್ಲಿ ಒಂದನ್ನೂ ಸೋಲಲಿಲ್ಲ. ಸೋಲೇ ಸಾಧ್ಯವಿಲ್ಲದ ಪಂದ್ಯವನ್ನು ರಾಷ್ಟ್ರೀಯ ವಾಹಿನಿಗೆ ಒಪ್ಪಿಸುವುದು ಕಷ್ಟ. ಹೀಗಾಗಿ ತಂಡ ದೇಶದ ಕಣ್ಣಿಗೆ ಬೀಳಬೇಕಾದರೆ ಕೂಟದ ಹೊರಗಿನ ಬಲಶಾಲಿ ಎದುರಾಳಿಗಳನ್ನೇ ಹುಡುಕಬೇಕಾಯಿತು. ಇದು ಅದಕ್ಕೆ ಹೊಸ ವಿದ್ಯೆಯೇನಲ್ಲ: 1995ರ ಜನವರಿ 16ರಂದು ಟೆನೆಸ್ಸಿಯನ್ನು ಇಎಸ್‌ಪಿಎನ್ ಪರದೆಯ ಮೇಲೆ 77-66ರಿಂದ ಸೋಲಿಸಿದ ದಿನದಿಂದಲೇ ಯುಕಾನ್ ಮಹಿಳೆಯರು ದೇಶಕ್ಕೆ ಪರಿಚಿತರಾದದ್ದು, ಮತ್ತು ಅದು ಕೂಟದ ಹೊರಗಿನ ಪಂದ್ಯವಾಗಿತ್ತು. ವಾಷಿಂಗ್ಟನ್ ರಾಜ್ಯದ ಗೊನ್ಜಾಗಾ ಪುರುಷರ ತಂಡವೂ ಸಣ್ಣದೊಂದು ಕೂಟದಲ್ಲಿದ್ದುಕೊಂಡೇ, ಋತುವಿನ ಆರಂಭದ ತಿಂಗಳುಗಳಲ್ಲಿ ದೊಡ್ಡ ತಂಡಗಳನ್ನು ಎದುರಿಸುವ ಇದೇ ದಾರಿಯಿಂದ ದೇಶವ್ಯಾಪಿ ಹೆಸರು ಗಳಿಸಿತು. ಆದರೆ ಜನವರಿ, ಫೆಬ್ರವರಿಗಳ ದೀರ್ಘ ಅವಧಿಯಲ್ಲಿ ಈ ದಾರಿ ಬಹುಮಟ್ಟಿಗೆ ಮುಚ್ಚಿರುತ್ತದೆ; ಆಗ ಕೂಟದ ಒಪ್ಪಂದವೇ ಗತಿ.

2019ರಲ್ಲಿ ಅಮೆರಿಕನ್ ಕೂಟ ಇಎಸ್‌ಪಿಎನ್ ಜೊತೆ 12 ವರ್ಷಗಳಿಗೆ ಸುಮಾರು 100 ಕೋಟಿ ಡಾಲರುಗಳ ಒಪ್ಪಂದ ಮಾಡಿಕೊಂಡಿತು. ಹಿಂದಿನ ಒಪ್ಪಂದಕ್ಕೆ ಹೋಲಿಸಿದರೆ ಮೊತ್ತ ಹಲವು ಪಟ್ಟು ಹೆಚ್ಚು, ಆದರೆ ಹೆಚ್ಚಿನ ಪಂದ್ಯಗಳು 2018ರಲ್ಲಿ ಆರಂಭವಾಗಿದ್ದ ಇಎಸ್‌ಪಿಎನ್ ಪ್ಲಸ್ ಎಂಬ ಸ್ಟ್ರೀಮಿಂಗ್ ಸೇವೆಗೆ ಹೋಗಬೇಕಿತ್ತು. ಎಸ್‌ಎನ್‌ವೈಯಲ್ಲಿ ಕಾಣುತ್ತಿದ್ದ ಮಹಿಳಾ ಪಂದ್ಯಗಳಿಗೂ ಇದೇ ಗತಿ ಕಾದಿತ್ತು. ದಶಕಗಳಿಂದ ಮನೆಯ ಟೆಲಿವಿಷನ್ನಿನಲ್ಲೇ ತಂಡವನ್ನು ನೋಡಿಕೊಂಡು ಬಂದ ಹಿರಿಯ ಪ್ರೇಕ್ಷಕರು ಮಹಿಳಾ ತಂಡಕ್ಕೆ ಬಹಳ. ಅವರನ್ನು ಕಳೆದುಕೊಂಡು ಪಡೆಯುವ ಹಣ ನಿಜವಾಗಿ ಲಾಭವೇ ಎಂಬ ಪ್ರಶ್ನೆಯನ್ನು ವಿಶ್ವವಿದ್ಯಾಲಯ ಕೇಳಿಕೊಂಡಿತು. ಕ್ರೀಡಾ ವಿಭಾಗದ ವಾರ್ಷಿಕ ಕೊರತೆ 4 ಕೋಟಿ ಡಾಲರುಗಳನ್ನು ಮೀರಿದ್ದ ಹೊತ್ತಿನಲ್ಲಿ, ಅದೇ ವರ್ಷದ ಜೂನ್‌ನಲ್ಲಿ ಯುಕಾನ್ ಬಿಗ್ ಈಸ್ಟ್‌ಗೆ ಮರಳುವ ನಿರ್ಧಾರ ಪ್ರಕಟಿಸಿತು. ಹೊರಹೋಗಲು ಅದು ಹಳೆಯ ಕೂಟಕ್ಕೆ 1.7 ಕೋಟಿ ಡಾಲರ್ ಕಟ್ಟಬೇಕಾಯಿತು. ಫುಟ್‌ಬಾಲ್ ತಂಡ ಯಾವ ಕೂಟಕ್ಕೂ ಸೇರದೆ ಒಂಟಿಯಾಗಿ ಉಳಿಯಿತು. ದೇಶದ ಬಹುತೇಕ ವಿಶ್ವವಿದ್ಯಾಲಯಗಳು ಫುಟ್‌ಬಾಲಿಗಾಗಿ ಉಳಿದ ಆಟಗಳನ್ನು ಬಲಿಕೊಡುತ್ತಿದ್ದಾಗ, ಬ್ಯಾಸ್ಕೆಟ್‌ಬಾಲಿಗಾಗಿ ಫುಟ್‌ಬಾಲಿನ ನೆಲೆಯನ್ನು ಬಿಟ್ಟುಕೊಟ್ಟ ಈ ನಿರ್ಧಾರಕ್ಕೆ ಧೈರ್ಯ ಬೇಕಿತ್ತು.

2020ರ ಜುಲೈ 1ರಂದು ಮರುಪ್ರವೇಶ ನಡೆದಾಗ ಬಿಗ್ ಈಸ್ಟ್ ಹಳೆಯದಾಗಿ ಉಳಿದಿರಲಿಲ್ಲ. ಬಟ್ಲರ್, ಕ್ರೈಟನ್, ಜೇವಿಯರ್ ಎಂಬ ಹೊಸ ಸದಸ್ಯರು ಬಂದಿದ್ದರು. 2013ರಲ್ಲಿ ಫಾಕ್ಸ್ ಸಂಸ್ಥೆ ಎಫ್‌ಎಸ್1 ಎಂಬ ಹೊಸ ಕ್ರೀಡಾವಾಹಿನಿಯನ್ನು ತೆರೆದಾಗ ಈ ಕೂಟದ ಹಕ್ಕನ್ನು 12 ವರ್ಷಗಳಿಗೆ, ವರದಿಗಳ ಪ್ರಕಾರ ಸುಮಾರು 50 ಕೋಟಿ ಡಾಲರುಗಳಿಗೆ ಕೊಂಡಿತ್ತು. ಹೊಸ ವಾಹಿನಿಗೆ ಇಎಸ್‌ಪಿಎನ್‌ನಷ್ಟು ಪ್ರೇಕ್ಷಕರಿರಲಿಲ್ಲ ಎಂಬುದು ನಿಜ. ಆದರೆ ಅಲ್ಲಿ ಬ್ಯಾಸ್ಕೆಟ್‌ಬಾಲ್ ಇತರ ಕೂಟಗಳ ನಡುವೆ ಉಳಿದ ಹೊತ್ತನ್ನು ತುಂಬುವ ಸರಕಾಗಿರದೆ, ಚಳಿಗಾಲದ ಮುಖ್ಯ ಕಾರ್ಯಕ್ರಮವಾಗಿತ್ತು. ಮಹಿಳಾ ಪಂದ್ಯಗಳು ಎಸ್‌ಎನ್‌ವೈಯಲ್ಲಿ ಮುಂದುವರಿದವು. ಡ್ಯಾನ್ ಹರ್ಲಿ ಅವರ ತರಬೇತಿಯಲ್ಲಿ ಪುರುಷರ ತಂಡ 2023 ಮತ್ತು 2024ರಲ್ಲಿ ಸತತ ಎರಡು ಬಾರಿ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಮಹಿಳೆಯರು 2025ರಲ್ಲಿ ತಮ್ಮ ಹನ್ನೆರಡನೆಯ ಪ್ರಶಸ್ತಿಯನ್ನು ಪಡೆದರು.

ಹೆಚ್ಚು ಹಣದ ಒಪ್ಪಂದವೆಂದರೆ ಹೆಚ್ಚು ಜನರ ನೋಟ ಎಂದು ತಿಳಿಯುವುದು ತಪ್ಪೆಂಬುದಕ್ಕೆ ಪಶ್ಚಿಮ ಕರಾವಳಿಯಲ್ಲೂ ಸಾಕ್ಷ್ಯವಿದೆ. ಪುರುಷರ ಪ್ರಶಸ್ತಿಯನ್ನು 11 ಬಾರಿ ಗೆದ್ದ ಲಾಸ್ ಏಂಜಲೀಸಿನ ಯುಸಿಎಲ್‌ಎ ಇದ್ದ ಪ್ಯಾಕ್-12 ಕೂಟ 2012ರಲ್ಲಿ ತನ್ನದೇ ವಾಹಿನಿಗಳನ್ನು ತೆರೆಯಿತು, ಆದರೆ ಡೈರೆಕ್‌ಟಿವಿ ಎಂಬ ದೊಡ್ಡ ಉಪಗ್ರಹ ಸೇವೆ ಅವುಗಳನ್ನು ಎಂದೂ ಸೇರಿಸಿಕೊಳ್ಳಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ರಾತ್ರಿ ಎಂಟಕ್ಕೆ ಆರಂಭವಾಗುವ ಪಂದ್ಯ ನ್ಯೂಯಾರ್ಕಿನಲ್ಲಿ ಹನ್ನೊಂದಕ್ಕೆ ಆರಂಭವಾಗುವುದರಿಂದ, ದೇಶದ ಅರ್ಧಕ್ಕೂ ಹೆಚ್ಚು ಜನ ಮಲಗುವ ಹೊತ್ತಿಗೆ ಅಲ್ಲಿ ಆಟ ಬಿಸಿಯೇರುತ್ತಿತ್ತು. 2024ರಲ್ಲಿ ಯುಸಿಎಲ್‌ಎ ಬಿಗ್ ಟೆನ್ ಕೂಟವನ್ನು ಸೇರಿದಾಗ ಪೂರ್ವ ಮತ್ತು ಮಧ್ಯ ಅಮೆರಿಕದ ಸಂಜೆಗಳು ಅದಕ್ಕೆ ತೆರೆದವು. ಆದರೆ ಫಾಕ್ಸ್, ಸಿಬಿಎಸ್, ಎನ್‌ಬಿಸಿಗಳೊಂದಿಗೆ 700 ಕೋಟಿ ಡಾಲರುಗಳಿಗೂ ಮೀರಿದ ಒಪ್ಪಂದ ಮಾಡಿಕೊಂಡ ಆ ಕೂಟದ ಹಲವು ಬ್ಯಾಸ್ಕೆಟ್‌ಬಾಲ್ ಪಂದ್ಯಗಳು ಪೀಕಾಕ್ ಎಂಬ ಸ್ಟ್ರೀಮಿಂಗ್ ಸೇವೆಯಲ್ಲಷ್ಟೇ ಸಿಗುತ್ತವೆ. ವಿದ್ಯಾರ್ಥಿಗಳಾಗಿಯೂ ಇರಬೇಕಾದ ಆಟಗಾರರು ಇದಕ್ಕಾಗಿ ಖಂಡದ ಉದ್ದಕ್ಕೂ ಹಾರಬೇಕಾಗಿದೆ, ಮತ್ತು ಆ ಬೆಲೆಯನ್ನು ಒಪ್ಪಂದದ ಮೊತ್ತದೊಡನೆ ಯಾರೂ ಲೆಕ್ಕಕ್ಕಿಡುತ್ತಿಲ್ಲ.

ವಾಹಿನಿಯ ವ್ಯಾಪ್ತಿಗೆ ಎಷ್ಟು ತೂಕವಿದೆ ಎಂಬುದು 2024ರ ಎರಡು ಅಂತಿಮ ಪಂದ್ಯಗಳಲ್ಲೂ ಕಂಡಿತು. ಉಚಿತ ಜಾಲವಾದ ಎಬಿಸಿಯಲ್ಲಿ ಮೂಡಿದ ಮಹಿಳಾ ಫೈನಲ್ ಅನ್ನು ಸರಾಸರಿ 1.89 ಕೋಟಿ ಜನ ನೋಡಿದರೆ, ಯುಕಾನ್ ಗೆದ್ದ ಪುರುಷರ ಫೈನಲ್ ಕೇಬಲ್ ವಾಹಿನಿಯಾದ ಟಿಬಿಎಸ್‌ನಲ್ಲಿದ್ದು ಸುಮಾರು 1.48 ಕೋಟಿ ಜನರನ್ನು ತಲುಪಿತು. ಮಹಿಳಾ ಫೈನಲ್‌ನಲ್ಲಿ ಆಡಿದ ಐಯೋವಾದ ಆಟಗಾರ್ತಿ ಕೇಟ್ಲಿನ್ ಕ್ಲಾರ್ಕ್ ಅವರ ಆಕರ್ಷಣೆಯೇ ಮುಖ್ಯ ಕಾರಣವಾದರೂ, ಆ ಆಕರ್ಷಣೆಯನ್ನು ಯಾವ ತಡೆಯೂ ಇಲ್ಲದೆ ಮನೆಮನೆಗೆ ಮುಟ್ಟಿಸಿದ್ದು ಉಚಿತ ಜಾಲ.

ಯುಕಾನ್ ಎದುರಿನ ಪ್ರಶ್ನೆ ಇನ್ನೂ ಮುಗಿದಿಲ್ಲ. ಬಿಗ್ 12 ಎಂಬ ಶ್ರೀಮಂತ ಕೂಟಕ್ಕೆ ಅದನ್ನು ಸೇರಿಸಿಕೊಳ್ಳುವ ಮಾತುಕತೆ 2024ರಲ್ಲಿ ನಡೆದು ನಿಂತುಹೋಯಿತು. ಬಿಗ್ ಈಸ್ಟ್ ತನ್ನ ಪಾಲಿಗೆ ಫಾಕ್ಸ್, ಎನ್‌ಬಿಸಿ ಮತ್ತು ಟಿಎನ್‌ಟಿಗಳೊಂದಿಗೆ 2025-26ರಿಂದ ಆರು ಋತುಗಳ ಹೊಸ ಒಪ್ಪಂದ ಮಾಡಿಕೊಂಡಿದೆ. ಅದರಲ್ಲೂ ಪಂದ್ಯಗಳ ಒಂದು ಪಾಲು ಪೀಕಾಕ್‌ಗೆ ಹೋಗುತ್ತದೆ. ಯಾವ ಮೆಟ್ಟಿಲಿನ ಭಯದಿಂದ ಯುಕಾನ್ ಹಿಂದಿನ ಕೂಟವನ್ನು ತೊರೆದಿತ್ತೋ ಅದೇ ಮೆಟ್ಟಿಲು ಈಗ ಈ ಕೂಟದೊಳಗೂ ಬಂದಿದೆ. ಮುಂದಿನ ಮಾತುಕತೆಯಲ್ಲಿ ಕೂಟದ ಆಡಳಿತಗಾರರು ಡಾಲರುಗಳ ಜೊತೆಗೆ, ಉಚಿತ ಜಾಲದಲ್ಲಿ ಎಷ್ಟು ಸಂಜೆಗಳು ಸಿಗುತ್ತವೆ ಎಂಬುದನ್ನೂ ಎಣಿಸಬೇಕಾಗುತ್ತದೆ.