ಮಕ್ಕಳೊಂದಿಗೆ ಬೆಟ್ಟಕ್ಕೆ: ಮೊದಲು ಎತ್ತರ ನೋಡಿ

ಏಪ್ರಿಲ್ ಎರಡನೇ ವಾರ ಶಾಲೆಗಳಿಗೆ ರಜೆ ಸಿಕ್ಕಿತೆಂದರೆ ಮನೆಮನೆಯಲ್ಲೂ ಊಟಿ, ಮಡಿಕೇರಿ, ಚಿಕ್ಕಮಗಳೂರು, ಕೊಡೈಕೆನಾಲ್ ಹೆಸರುಗಳು ಕೇಳಿಬರುತ್ತವೆ. ಕೈಯಲ್ಲಿ ಇನ್ನಷ್ಟು ದುಡ್ಡು, ದಿನ ಇರುವವರು ಮನಾಲಿ, ಲೇಹ್ ಕಡೆ ನೋಡುತ್ತಾರೆ. ಹೋಟೆಲ್, ಗಾಡಿ, ಖರ್ಚು ಎಲ್ಲವೂ ಲೆಕ್ಕವಾಗುತ್ತವೆ. ಹೋಗುವ ಊರು ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಮಗುವಿಗೆ ಯಾವ ಬಟ್ಟೆ ಬೇಕು, ನೀರನ್ನು ಎಷ್ಟು ಹೊತ್ತು ಕುದಿಸಬೇಕು, ಮೊದಲ ದಿನ ಸುತ್ತಾಡಬಹುದೇ ಇಲ್ಲವೇ ಎಂಬುದನ್ನೆಲ್ಲ ನಿರ್ಧರಿಸುವುದು ಆ ಎತ್ತರವೇ. ಅದನ್ನು ನೋಡದೆ ಹೊರಡುವುದರಿಂದಲೇ ಹಲವು ತಪ್ಪು ಕಲ್ಪನೆಗಳು ಬಾಯಿಂದ ಬಾಯಿಗೆ ಹರಡುತ್ತಿವೆ.

ತಪ್ಪು ಕಲ್ಪನೆ: ಗಿರಿಧಾಮ ಎಂದ ಮೇಲೆ ಬೇಸಿಗೆಯಲ್ಲೂ ತಂಪೇ.

ಸತ್ಯ: ಸಾವಿರ ಮೀಟರ್ ಮೇಲೇರಿದರೆ ತಾಪಮಾನ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ಮಡಿಕೇರಿ 1,170 ಮೀಟರ್ ಆಸುಪಾಸಿನಲ್ಲಿದೆ. ಎರಡರ ನಡುವಿನ ಅಂತರ 250 ಮೀಟರ್ ಅಷ್ಟೇ. ಹೀಗಾಗಿ ಏಪ್ರಿಲ್ ಮಧ್ಯಾಹ್ನ ಮಡಿಕೇರಿಯಲ್ಲೂ ಬಿಸಿಲು ಚುರುಕಾಗಿಯೇ ಇರುತ್ತದೆ. ಕಾಡಿನ ನೆರಳು ಮತ್ತು ರಾತ್ರಿಯ ತಂಪು ಅಲ್ಲಿನ ಸುಖ. ಸುಮಾರು 2,240 ಮೀಟರ್ ಎತ್ತರದ ಊಟಿಯ ಕಥೆಯೇ ಬೇರೆ. ಅಲ್ಲಿ ಮೇ ತಿಂಗಳಲ್ಲೂ ಸಂಜೆಗೆ ಮಕ್ಕಳಿಗೆ ಸ್ವೆಟರ್ ಬೇಕು. ಮಡಿಕೇರಿಗೆ ಉಣ್ಣೆ ಬಟ್ಟೆಯ ಮೂಟೆ ಹೊತ್ತು ಬೆವರುವವರೂ, ಹತ್ತಿ ಅಂಗಿಯಲ್ಲಿ ಊಟಿಗೆ ಹೋಗಿ ನಡುಗುವವರೂ ಈ ಒಂದು ಲೆಕ್ಕವನ್ನು ಮರೆತವರೇ.

ತಪ್ಪು ಕಲ್ಪನೆ: ರಾತ್ರಿ ಹೊರಟರೆ ಮಕ್ಕಳು ಮಲಗಿರುತ್ತಾರೆ, ಬೆಳಗಾಗುವಷ್ಟರಲ್ಲಿ ಊಟಿ ತಲುಪಬಹುದು.

ಸತ್ಯ: ಮೈಸೂರಿನಿಂದ ಗುಂಡ್ಲುಪೇಟೆ ಮೂಲಕ ಊಟಿಗೆ ಹೋಗುವ ದಾರಿ ಬಂಡೀಪುರದ ಕಾಡನ್ನು ಹಾದುಹೋಗುತ್ತದೆ. ವನ್ಯಜೀವಿಗಳು ವಾಹನಕ್ಕೆ ಸಿಕ್ಕಿ ಸಾಯುವುದನ್ನು ತಡೆಯಲು 2009ರಿಂದ ಇಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಖಾಸಗಿ ವಾಹನಗಳ ಸಂಚಾರಕ್ಕೆ ನಿಷೇಧವಿದೆ. ಗೊತ್ತಿಲ್ಲದೆ ಹೊರಟವರು ಚೆಕ್‌ಪೋಸ್ಟ್ ಮುಂದೆ ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ಬೆಳಕು ಹರಿಯುವುದನ್ನೇ ಕಾಯಬೇಕಾಗುತ್ತದೆ.

ದಾರಿ ತೆರೆದಿದ್ದರೂ ಸಾಲದು. ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ನೀಲಗಿರಿ ಮತ್ತು ಕೊಡೈಕೆನಾಲ್‌ಗೆ ಹೋಗುವ ಪ್ರವಾಸಿ ವಾಹನಗಳು ಇ-ಪಾಸ್ ಪಡೆಯಬೇಕಾಯಿತು. 2025ರ ಬೇಸಿಗೆಗೆ ವಾಹನಗಳ ಸಂಖ್ಯೆಗೂ ಮಿತಿ ಬಂತು: ನೀಲಗಿರಿಗೆ ವಾರದ ದಿನಗಳಲ್ಲಿ ದಿನಕ್ಕೆ 6,000, ವಾರಾಂತ್ಯದಲ್ಲಿ 8,000. ಕೋಣೆ ಕಾಯ್ದಿರಿಸುವ ಮುನ್ನ ಆ ವರ್ಷದ ನಿಯಮವೇನೆಂದು ನೋಡಿಕೊಳ್ಳುವುದು ಕ್ಷೇಮ. ವಾರದ ನಡುವೆ ಹೋದರೆ ಜನಜಂಗುಳಿಯೂ ಕಡಿಮೆ.

ತಪ್ಪು ಕಲ್ಪನೆ: ಘಾಟಿ ಹತ್ತುವಾಗ ಖಾಲಿ ಹೊಟ್ಟೆಯಲ್ಲಿದ್ದರೆ ಮಗುವಿಗೆ ವಾಂತಿಯಾಗುವುದಿಲ್ಲ.

ಸತ್ಯ: ವಾಂತಿಯ ಮೂಲ ಹೊಟ್ಟೆಯಲ್ಲಿಲ್ಲ, ಒಳಕಿವಿಯಲ್ಲಿದೆ. ದೇಹ ತಿರುಗುತ್ತಿದೆ ಎಂದು ಒಳಕಿವಿ ಹೇಳುತ್ತದೆ. ಮೊಬೈಲ್ ಪರದೆಯನ್ನೋ ಮುಂದಿನ ಸೀಟಿನ ಬೆನ್ನನ್ನೋ ನೋಡುತ್ತಿರುವ ಕಣ್ಣು ಎಲ್ಲವೂ ನಿಂತಿದೆ ಎನ್ನುತ್ತದೆ. ಈ ಎರಡು ಸುದ್ದಿಗಳು ತಾಳೆಯಾಗದೆ ಮಿದುಳು ಗೊಂದಲಕ್ಕೆ ಬೀಳುತ್ತದೆ. ಎರಡರಿಂದ ಹನ್ನೆರಡು ವರ್ಷದ ಮಕ್ಕಳಲ್ಲಿ ಈ ತೊಂದರೆ ಹೆಚ್ಚು. ಕೈಗೂಸುಗಳಲ್ಲಿ ಅಪರೂಪ.

ಹಸಿದ ಹೊಟ್ಟೆ ಸಂಕಟವನ್ನು ಹೆಚ್ಚಿಸುತ್ತದೆ. ಹೊರಡುವ ಮೊದಲು ಎರಡು ಇಡ್ಲಿ, ಒಂದು ಬಾಳೆಹಣ್ಣಿನಂಥ ಹಗುರ ಆಹಾರ ಒಳ್ಳೆಯದು. ಎಣ್ಣೆಯಲ್ಲಿ ಕರಿದದ್ದು, ಹೊಟ್ಟೆ ಬಿರಿಯುವಷ್ಟು ಊಟ ಬೇಡ. ಮಸಿನಗುಡಿಯಿಂದ ಊಟಿಗೆ ಏರುವ ಕಲ್ಲಟ್ಟಿ ಘಾಟಿಯಲ್ಲಿ 36 ಹೇರ್‌ಪಿನ್ ತಿರುವುಗಳಿವೆ. ಇಂಥ ಕಡೆ ಮೊಬೈಲ್ ಕೊಟ್ಟು ಮಗುವನ್ನು ಸುಮ್ಮನಿರಿಸುವುದು ವಾಂತಿಗೆ ನೇರ ಆಹ್ವಾನ. ಕಿಟಕಿ ತುಸು ತೆರೆದು, ದೂರದ ಬೆಟ್ಟ ನೋಡಲು ಹೇಳಿ, ನಡುನಡುವೆ ಗಾಡಿ ನಿಲ್ಲಿಸಿದರೆ ಎಷ್ಟೋ ಮಕ್ಕಳು ಸುಧಾರಿಸಿಕೊಳ್ಳುತ್ತಾರೆ. ಮಾತ್ರೆ ಕೊಡುವುದಾದರೆ ವೈದ್ಯರನ್ನು ಕೇಳಿ, ಹೊರಡುವ ಮೊದಲೇ ಕೊಡಬೇಕು. ವಾಂತಿ ಶುರುವಾದ ಮೇಲೆ ಕೊಟ್ಟದ್ದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ.

ತಪ್ಪು ಕಲ್ಪನೆ: ಚಳಿ ಇರುವಲ್ಲಿ ಬಿಸಿಲು ಸುಡುವುದಿಲ್ಲ.

ಸತ್ಯ: ಮೈಗೆ ಬಿಸಿ ತಾಗುವುದು ಬೇರೆ, ಚರ್ಮವನ್ನು ಸುಡುವ ನೇರಳಾತೀತ ಕಿರಣ ಬೇರೆ. ಸಾವಿರ ಮೀಟರ್ ಏರಿದಂತೆಲ್ಲ ಈ ಕಿರಣ ಸುಮಾರು ಶೇ 10ರಷ್ಟು ಹೆಚ್ಚುತ್ತದೆ. ತೆಳು ಮೋಡವನ್ನೂ ಅದು ದಾಟಿ ಬರುತ್ತದೆ. ಹೊಸದಾಗಿ ಬಿದ್ದ ಹಿಮ ಅದರ ಶೇ 80ರವರೆಗೂ ಹಿಂದಕ್ಕೆ ಚಿಮ್ಮಿಸುತ್ತದೆ. ಹೀಗಾಗಿ ರೋಹ್ತಾಂಗ್‌ನಲ್ಲಿ ಹಿಮದಾಟ ಆಡಿದ ಮಕ್ಕಳ ಮೂಗು, ಕೆನ್ನೆ, ಗಲ್ಲದ ಕೆಳಭಾಗವೂ ಕೆಂಪೇರುತ್ತದೆ. ಅಗಲ ಅಂಚಿನ ಟೋಪಿ, ಕಪ್ಪು ಕನ್ನಡಕ, ಎರಡು ಗಂಟೆಗೊಮ್ಮೆ ಸನ್‌ಸ್ಕ್ರೀನ್ ಬೇಕು. ಆರು ತಿಂಗಳೊಳಗಿನ ಕೂಸಿಗೆ ನೆರಳು ಮತ್ತು ಮೈತುಂಬ ಬಟ್ಟೆಯೇ ರಕ್ಷಣೆ.

ತಪ್ಪು ಕಲ್ಪನೆ: ಎತ್ತರದ ಕಾಯಿಲೆ ದುರ್ಬಲರಿಗೆ ಮಾತ್ರ, ಕರ್ಪೂರ ಮೂಸಿದರೆ ಸಾಕು, ಉಸಿರಾಟ ಸರಿಹೋಗುತ್ತದೆ.

ಸತ್ಯ: ಈ ಪಟ್ಟಿಯಲ್ಲಿ ಅತ್ಯಂತ ಅಪಾಯಕಾರಿ ಕಲ್ಪನೆ ಇದು. ಗಾಳಿಯಲ್ಲಿ ಆಮ್ಲಜನಕದ ಪಾಲು ಕರಾವಳಿಯಲ್ಲೂ ಲೇಹ್‌ನಲ್ಲೂ ಶೇ 21ರಷ್ಟೇ. ಕಡಿಮೆಯಾಗುವುದು ಗಾಳಿಯ ಒತ್ತಡ. ಸುಮಾರು 3,500 ಮೀಟರ್ ಎತ್ತರದ ಲೇಹ್‌ನಲ್ಲಿ ಒತ್ತಡ ಸಮುದ್ರಮಟ್ಟದ ಮೂರನೇ ಎರಡು ಭಾಗದಷ್ಟಿರುವುದರಿಂದ ಒಂದು ಉಸಿರಿಗೆ ಸಿಗುವ ಆಮ್ಲಜನಕವೂ ಅಷ್ಟಕ್ಕಿಳಿಯುತ್ತದೆ. ದೇಹ ಇದಕ್ಕೆ ಹೊಂದಿಕೊಳ್ಳಬಲ್ಲದು, ಆದರೆ ಅದಕ್ಕೆ ದಿನಗಳು ಬೇಕು. ಓಟದಲ್ಲಿ ಬಹುಮಾನ ಗೆದ್ದ ಹುಡುಗನಿಗೂ ಇದರಿಂದ ವಿನಾಯಿತಿ ಇಲ್ಲ. ದೊಡ್ಡವರಷ್ಟೇ ಮಕ್ಕಳಿಗೂ ಇದು ಬರುತ್ತದೆ.

ಊಟಿ, ಕೊಡೈಕೆನಾಲ್, ಮನಾಲಿಯಲ್ಲಿ ತಂಗುವವರು ಇದಕ್ಕೆ ಹೆದರಬೇಕಿಲ್ಲ. ತೊಂದರೆ ಸಾಮಾನ್ಯವಾಗಿ ಶುರುವಾಗುವುದು 2,500 ಮೀಟರ್ ದಾಟಿದ ಮೇಲೆ. ದೆಹಲಿಯಿಂದ ವಿಮಾನದಲ್ಲಿ ಒಂದೂವರೆ ಗಂಟೆಯೊಳಗೆ ಲೇಹ್‌ನಲ್ಲಿ ಇಳಿಯುವವರ ಸ್ಥಿತಿ ಹಾಗಲ್ಲ. ಇಳಿದ ಕೂಡಲೇ ಏನೂ ಅನ್ನಿಸದಿರಬಹುದು. ತಲೆನೋವು, ವಾಕರಿಕೆ, ಸುಸ್ತು ಕಾಣಿಸಿಕೊಳ್ಳುವುದು ಆರು, ಹನ್ನೆರಡು ಗಂಟೆಯ ನಂತರ, ಹಲವರಿಗೆ ಮೊದಲ ರಾತ್ರಿಯೇ. ಮಾತು ಬಾರದ ಮಗು ತಲೆನೋವು ಎನ್ನಲಾರದು. ಅದು ಕಾರಣವಿಲ್ಲದೆ ರಚ್ಚೆ ಹಿಡಿಯುತ್ತದೆ, ಊಟ ಬೇಡ ಎನ್ನುತ್ತದೆ, ನಿದ್ದೆಗೆಡುತ್ತದೆ. ಇದನ್ನು ಹಟ ಎಂದು ಗದರಿಸಿ, ಮರುದಿನ ಇನ್ನೂ ಮೇಲಿನ ಖರ್ದುಂಗ್ ಲಾ ಕಡೆಗೆ ಕರೆದೊಯ್ದರೆ ಕಾಯಿಲೆ ಬಿಗಡಾಯಿಸುತ್ತದೆ.

ಕರ್ಪೂರದ ಘಾಟು ಮೂಗಿನಲ್ಲಿ ತಂಪಿನ ಅನುಭವ ಮೂಡಿಸುವುದರಿಂದ ಉಸಿರು ಸರಾಗವಾದಂತೆ ಅನ್ನಿಸುತ್ತದೆ. ರಕ್ತಕ್ಕೆ ಆಮ್ಲಜನಕ ಒಂದಿಷ್ಟೂ ಹೆಚ್ಚು ಸೇರುವುದಿಲ್ಲ. ಚಿಕ್ಕ ಮಗು ಸ್ವಲ್ಪ ಕರ್ಪೂರ ನುಂಗಿದರೂ ಫಿಟ್ಸ್ ಬರಬಹುದು. ಮಗುವಿನ ಮೂಗಿನ ಬಳಿ ಅದನ್ನು ಹಿಡಿಯುವುದಾಗಲಿ, ಬಟ್ಟೆಗೆ ಗಂಟು ಕಟ್ಟಿ ಕೊರಳಿಗೆ ಹಾಕುವುದಾಗಲಿ ಸಲ್ಲದು.

ಉಪಾಯ ಸರಳ. ಲೇಹ್ ತಲುಪಿದ ಮೇಲೆ ಮೊದಲ 48 ಗಂಟೆ ಓಡಾಟಕ್ಕೆ ಕಡಿವಾಣ ಹಾಕಬೇಕು. ನಂತರ ರಾತ್ರಿ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು. ಲಕ್ಷಣ ಕಂಡರೆ ಮುಂದೆ ಏರದೆ ಅಲ್ಲೇ ನಿಲ್ಲಬೇಕು, ಹೆಚ್ಚಾದರೆ ಇಳಿಯಬೇಕು. ಕುಳಿತಲ್ಲೇ ಏದುಸಿರು, ತೂರಾಡುವ ನಡಿಗೆ, ಮಂಕುತನ ಕಂಡರೆ ಒಂದು ಗಳಿಗೆಯೂ ತಡಮಾಡದೆ ಕೆಳಗಿಳಿಸಿ ಆಸ್ಪತ್ರೆಗೆ ಸೇರಿಸಬೇಕು. ಹೃದಯ ಅಥವಾ ಶ್ವಾಸಕೋಶದ ತೊಂದರೆ ಇರುವ ಮಕ್ಕಳಿದ್ದರೆ ಟಿಕೆಟ್ ಮಾಡುವ ಮುನ್ನವೇ ವೈದ್ಯರ ಮಾತು ಕೇಳುವುದು ಅಗತ್ಯ.

ತಪ್ಪು ಕಲ್ಪನೆ: ಬೆಟ್ಟದ ಝರಿ ನೀರು ಬಾಟಲಿ ನೀರಿಗಿಂತ ಶುದ್ಧ.

ಸತ್ಯ: ತಿಳಿಯಾಗಿ ಕಾಣುವ ನೀರಿನ ಮೇಲ್ಭಾಗದಲ್ಲಿ ದನ ಮೇಯುತ್ತಿರಬಹುದು, ಕಾಡುಪ್ರಾಣಿ ನೀರಿಗಿಳಿದಿರಬಹುದು, ಎಸ್ಟೇಟಿನ ಔಷಧ ಹರಿದು ಸೇರಿರಬಹುದು. ಭೇದಿ ತರುವ ಜೀವಿಗಳು ಕಣ್ಣಿಗೆ ಕಾಣುವುದಿಲ್ಲ. ಕುದಿಸುವಾಗಲೂ ಎತ್ತರದ ಲೆಕ್ಕವಿದೆ: ಮೇಲೇರಿದಂತೆ ನೀರು ಕಡಿಮೆ ಬಿಸಿಯಲ್ಲೇ ಕುದಿಯುತ್ತದೆ. ಊಟಿಯಲ್ಲಿ ಸುಮಾರು 92 ಡಿಗ್ರಿ, ಲೇಹ್‌ನಲ್ಲಿ 88ರ ಆಸುಪಾಸು. ತಗ್ಗಿನ ಊರುಗಳಲ್ಲಿ ಒಂದು ನಿಮಿಷ ಮರಳಿಸಿದರೆ ಸಾಕು, 2,000 ಮೀಟರ್ ದಾಟಿದ ಕಡೆ ಮೂರು ನಿಮಿಷ ಬೇಕು.

ತಪ್ಪು ಕಲ್ಪನೆ: ಮಳೆ ಇಲ್ಲ, ಇಂಬಳ ಇಲ್ಲ, ಮಲೆನಾಡಿನ ಕಾಡು ಸುತ್ತಲು ಬೇಸಿಗೆಯೇ ಸರಿಯಾದ ಕಾಲ.

ಸತ್ಯ: ಕಾಳ್ಗಿಚ್ಚಿನ ಭಯ ಹೆಚ್ಚಾಗುವ ಈ ತಿಂಗಳುಗಳಲ್ಲಿ ಅರಣ್ಯ ಇಲಾಖೆ ಪಶ್ಚಿಮ ಘಟ್ಟದ ಹಲವು ಚಾರಣ ಹಾದಿಗಳನ್ನು ಮುಚ್ಚುತ್ತದೆ. ಕುದುರೆಮುಖದಂಥ ಪ್ರಸಿದ್ಧ ಹಾದಿಗಳೂ ಇದರಲ್ಲಿ ಸೇರಿವೆ.

ಮಂಗನ ಕಾಯಿಲೆಯ ಕಾಲವೂ ಇದೇ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಬಳಿ ಪತ್ತೆಯಾದ ಈ ಜ್ವರ ಡಿಸೆಂಬರ್‌ನಿಂದ ಮೇವರೆಗೆ ಹೆಚ್ಚು ಕಾಡುತ್ತದೆ. ಮಂಗ ಕಚ್ಚಿದರೆ ಬರುತ್ತದೆ ಎಂದು ನಂಬಿದವರು ಬಹಳ. ನಿಜವಾಗಿ ಅದನ್ನು ಹರಡುವುದು ತರಗೆಲೆಗಳಲ್ಲಿ ಅಡಗಿರುವ ಸಣ್ಣ ಉಣ್ಣೆಗಳು. ಮಂಗಗಳೂ ಅದೇ ಸೋಂಕಿಗೆ ಸಾಯುತ್ತವೆ. ಸೌದೆ, ಸೊಪ್ಪು ತರಲು ದಿನವೂ ಕಾಡಿಗೆ ಹೋಗುವ ಸ್ಥಳೀಯರಿಗೆ ಅಪಾಯ ಹೆಚ್ಚಾದರೂ, ಪ್ರವಾಸಿ ಮಕ್ಕಳು ತರಗೆಲೆಯ ಮೇಲೆ ಹೊರಳಾಡುವುದನ್ನು ತಪ್ಪಿಸಬೇಕು. ತುಂಬು ತೋಳಿನ ಅಂಗಿ, ಉದ್ದ ಪ್ಯಾಂಟ್ ಹಾಕಿಸಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಊರಿನ ಆರೋಗ್ಯ ಸಿಬ್ಬಂದಿಗೆ ತಿಳಿಸಬೇಕು. ಕಾಡಿನಿಂದ ಬಂದ ದಿನವೇ ಬಿಸಿನೀರು, ಸೋಪಿನಲ್ಲಿ ಸ್ನಾನ ಮಾಡಿಸಿ, ಕಿವಿಯ ಹಿಂದೆ, ಕಂಕುಳಲ್ಲಿ ಉಣ್ಣೆ ಅಂಟಿದೆಯೇ ಎಂದು ನೋಡಬೇಕು. ಕಚ್ಚಿದ ಮೂರರಿಂದ ಎಂಟು ದಿನದಲ್ಲಿ ಜ್ವರ ಕಾಣಿಸಿಕೊಳ್ಳಬಹುದು. ಮನೆಗೆ ಮರಳಿದ ಮೇಲೆ ಮಗುವಿಗೆ ದಿಢೀರ್ ಜ್ವರ, ತಲೆನೋವು, ಮೈಕೈ ನೋವು ಬಂದರೆ ಯಾವ ತಾಲ್ಲೂಕಿನ ಯಾವ ಕಾಡಿಗೆ, ಯಾವ ದಿನ ಹೋಗಿದ್ದೆವು ಎಂಬುದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಯಾವ ರಕ್ತಪರೀಕ್ಷೆ ಮಾಡಿಸಬೇಕು ಎಂದು ನಿರ್ಧರಿಸಲು ಅವರಿಗೆ ಅದು ನೆರವಾಗುತ್ತದೆ.